ದಂತ ಚಿಕಿತ್ಸೆಯ ಬಸ್ಸಿಗೆ ಎರಡು ಬ್ಯಾಟರಿ

ಸ್ಪ್ಯಾನರಿಗೆ ಯಾರಾದರೂ ಅಂಗಿ ತೊಡಿಸುತ್ತಾರೆಯೇ? ನಮ್ಮ ಮನೆಯಲ್ಲಿ ಅಂಥದ್ದೊಂದಿದೆ. ತಲೆಯೊಂದನ್ನು ಬಿಟ್ಟು ಮೈತುಂಬ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಅದರ ಮೇಲೆ ಕಪ್ಪು ಟೇಪು ಬಿಗಿದ ಹದಿಮೂರನೇ ನಂಬರಿನ ಸ್ಪ್ಯಾನರು. ಮೊನ್ನೆ ಸೌಟು ಹುಡುಕುತ್ತ ಅಡುಗೆಮನೆಯ ಡ್ರಾಯರಿಗೆ ಕೈ ಹಾಕಿದಾಗ ಸಿಕ್ಕಿತು. "ಇದೇನ್ರೀ, ಬ್ಯಾಂಡೇಜ್ ಕಟ್ಟಿದ ಹಾಗಿದೆ, ಬಿಸಾಡ್ಲಾ?" ಎಂದಳು ಹೆಂಡತಿ. "ಬೇಡ, ಅದು ಮಿಲಿಟರಿಯದು" ಎಂದೆ. ಮಿಲಿಟರಿಯ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಪ್ರಾಣಭಯವಿಲ್ಲ. ನಾನು ಹೇಳಿದ್ದು ಅರ್ಧ ನಿಜವೂ ಹೌದು.

ಬ್ಯಾಟರಿಯ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಮುಗಿದದ್ದು ಏಳನೇ ವಯಸ್ಸಿಗೆ. ನಮ್ಮದು ಹಾಸನ, ಚರ್ಚಿನ ಹಿಂದಿನ ಬೀದಿ. ಅಪ್ಪನ ಟಾರ್ಚಿನ ಸೆಲ್ಲುಗಳು ಸತ್ತರೆ ಅಜ್ಜಿ ಅವನ್ನು ಎಸೆಯುತ್ತಿರಲಿಲ್ಲ. ಮಾಡಿನ ಮೇಲೆ ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದಳು. ಎರಡನ್ನೂ ಕಾಯುವುದು ನನ್ನ ಕೆಲಸ. ಕಾಗೆ ಬರುತ್ತಿತ್ತು, ಕತ್ತು ಓರೆ ಮಾಡಿ ಎರಡನ್ನೂ ನೋಡುತ್ತಿತ್ತು, ಸಂಡಿಗೆಯನ್ನು ಕಚ್ಚಿಕೊಂಡು ಹೋಗುತ್ತಿತ್ತು. ಸೆಲ್ಲಿನ ತಂಟೆಗೆ ಒಂದು ದಿನವೂ ಹೋಗಲಿಲ್ಲ. ಕಾಗೆಗಿದ್ದ ಆ ವಿವೇಕ ನನಗೆ ಮೂವತ್ತು ದಾಟಿದರೂ ಬರಲಿಲ್ಲ. ಸಂಜೆ ಆ ಸೆಲ್ಲುಗಳನ್ನು ಟಾರ್ಚಿಗೆ ಹಾಕಿದರೆ ಎರಡು ನಿಮಿಷ ಅರಿಶಿನದ ಬಣ್ಣದ ಬೆಳಕು ಬರುತ್ತಿತ್ತು. "ನೋಡು, ಸೂರ್ಯನ ಬೆಳಕು ಒಳಗೆ ಹೋಗಿ ಕೂತಿದೆ" ಎನ್ನುತ್ತಿದ್ದಳು ಅಜ್ಜಿ. ಬಹಳ ದಿನ ನಾನು ಹಾಗೆಯೇ ನಂಬಿದ್ದೆ.

ಇಷ್ಟು ಬಂಡವಾಳದೊಂದಿಗೆ ನಾನು ದೆಹಲಿಯಲ್ಲಿ ಎಲೆಕ್ಟ್ರಿಕಲ್ ತಜ್ಞನಾದ ಕತೆ ಇದು.

ಮೆಟ್ರೊ ಇನ್ನೂ ನಮ್ಮ ಕಡೆಗೆ ಬಂದಿರದ ದಿನಗಳು. ನಾನು ಮಯೂರ್ ವಿಹಾರದ ಒಂದು ಸೊಸೈಟಿಯಲ್ಲಿ ಬಾಡಿಗೆಗಿದ್ದೆ. ಕೆಲಸ ನೋಯ್ಡಾದ ಕಂಪನಿಯೊಂದರಲ್ಲಿ. ಏನು ಕೆಲಸವೆಂದರೆ, ಹೊಸ ಮಿಕ್ಸಿ ಕೊಂಡಾಗ ಡಬ್ಬಿಯ ತಳದಲ್ಲಿ ಒಂದು ಪುಸ್ತಕ ಇರುತ್ತದಲ್ಲ, ನೀವು ಓದದೆ ಹಳೇ ಪೇಪರಿನವನಿಗೆ ಹಾಕುತ್ತೀರಲ್ಲ, ಅದನ್ನು ಬರೆಯುವುದು. 'ಜಾರು ತಿರುಗುತ್ತಿರುವಾಗ ಒಳಗೆ ಬೆರಳು ಹಾಕಬೇಡಿ', 'ವಾಷಿಂಗ್ ಮೆಷಿನ್ನಿನ ಮೇಲೆ ಮಕ್ಕಳನ್ನು ಕೂರಿಸಬೇಡಿ' ಮುಂತಾದ ನನ್ನ ಕೃತಿಗಳು ದೇಶದ ಲಕ್ಷಾಂತರ ಮನೆಗಳನ್ನು ಹೊಕ್ಕು, ಓದುಗರಿಲ್ಲದೆ ಹೊರಬಂದಿವೆ. ಯಂತ್ರಗಳನ್ನು ನಾನು ಮುಟ್ಟುತ್ತಿರಲಿಲ್ಲ. ಇಂಜಿನಿಯರುಗಳು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

ನೆಲಮಹಡಿಯಲ್ಲಿ ಕರ್ನಲ್ ಬೋಪಯ್ಯ ಮತ್ತು ಅವರ ಹೆಂಡತಿ ಮುತ್ತಮ್ಮ ಆಂಟಿ ಇದ್ದರು. ಕೊಡಗಿನವರು. ಇಡೀ ಸೊಸೈಟಿಯಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ ಆದ್ದರಿಂದ ವಾರಕ್ಕೊಮ್ಮೆಯಾದರೂ ಅವರ ಮನೆಯಲ್ಲಿ ನನ್ನ ಊಟ. ನಿವೃತ್ತರಾಗಿ ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಕರ್ನಲ್ ಹರಾಜಿನಿಂದ ಒಂದು ಹಳೆಯ ಮಿನಿಬಸ್ಸು ತಂದು ನಿಲ್ಲಿಸಿದರು. ಅದು ಮೊದಲು ಸಂಚಾರಿ ದಂತ ಚಿಕಿತ್ಸಾಲಯವಾಗಿತ್ತು. ಪಕ್ಕದಲ್ಲಿ ಆಳೆತ್ತರದ ಹಲ್ಲೊಂದು ಕೈಯಲ್ಲಿ ಬ್ರಷ್ ಹಿಡಿದು ನಗುತ್ತಿತ್ತು. ಕರ್ನಲ್ ಮೂರು ಸಲ ಬಿಳಿ ಬಣ್ಣ ಹೊಡೆಸಿದರು. ಬಿಸಿಲು ಬಿದ್ದರೆ ಬಣ್ಣದ ಅಡಿಯಿಂದ ಹಲ್ಲು ಮತ್ತೆ ನಗುತ್ತಿತ್ತು. ಒಳಗೆ ಎರಡು ಮಂಚ, ಒಂದು ಪುಟ್ಟ ಫ್ರಿಜ್, ಗ್ಯಾಸ್ ಒಲೆ ಎಲ್ಲ ಬಂದವು. ದಂತವೈದ್ಯರ ಕುರ್ಚಿ ಮಾತ್ರ ಹೋಗಲಿಲ್ಲ. ಮೂವರು ಮೆಕ್ಯಾನಿಕ್ಕರು ಬಂದು ನೋಡಿ, ಇದನ್ನು ಕಿತ್ತರೆ ಬಸ್ಸಿನ ನೆಲವೇ ಕಿತ್ತು ಬರುತ್ತದೆ ಎಂದು ಹೇಳಿ ಚಹಾ ಕುಡಿದು ಹೋದರು. ಕೊನೆಗೆ ಅದು ಆಂಟಿಯ ಆಸನವಾಯಿತು. ಪೆಡಲ್ ಒತ್ತಿದರೆ ಮೇಲೆ ಏರುತ್ತಿತ್ತು. ಆಂಟಿ ಅದರಲ್ಲಿ ಏರಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ನಿಮಗೆ ಇದು ಹುಚ್ಚು ಎನ್ನಿಸಬಹುದು. ಸೊಸೈಟಿಗೂ ಹಾಗೆಯೇ ಅನ್ನಿಸಿತ್ತು. ಆದರೆ ಇದರ ಹಿಂದೆ ಒಂದು ಮಾತಿತ್ತು. ಕರ್ನಲ್ ಗಡಿಯಲ್ಲಿದ್ದ ವರ್ಷಗಳಲ್ಲೆಲ್ಲ ಆಂಟಿ ಮಕ್ಕಳನ್ನು ಕಟ್ಟಿಕೊಂಡು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇದ್ದವರು. ಪತ್ರ ಹಾಕಬೇಕಾದರೆ ಸೇನಾ ಅಂಚೆಯ ಒಂದು ನಂಬರು, ಅಷ್ಟೇ. "ನಿಮ್ಮ ಯಜಮಾನರು ಎಲ್ಲಿದ್ದಾರೆ ಅಂತ ಯಾರಾದ್ರೂ ಕೇಳಿದ್ರೆ ನಾನು ನಂಬರ್ ಹೇಳ್ತಿದ್ದೆ ಜೋಸೆಫ್. ಆ ನಂಬರ್‌ನಲ್ಲಿ ಮರ ಇದೆಯೋ ಮಣ್ಣಿದೆಯೋ ಏನು ಗೊತ್ತು?" ಎಂದಿದ್ದರು ಒಮ್ಮೆ. ಆ ನಂಬರುಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತೇನೆಂದು ಕರ್ನಲ್ ಮಾತು ಕೊಟ್ಟಿದ್ದರು. ಮೊದಲನೆಯದು ಬಿಕಾನೇರಿನ ಆಚೆ, ಮರಳುಗಾಡಿನಲ್ಲಿ.

ತೊಡಕೆಂದರೆ ಆಂಟಿಯ ಉಬ್ಬಸ. ದೆಹಲಿಗೆ ಬಂದ ಮೇಲೆ ಹೆಚ್ಚಾಗಿತ್ತು. ಔಷಧವನ್ನು ಹಬೆಯಂತೆ ಮಾಡಿ ಮೂಗಿಗೆ ಕೊಡುವ ಒಂದು ಯಂತ್ರ ಸದಾ ಜೊತೆಗಿರಬೇಕು. "ಕರೆಂಟ್ ಗ್ಯಾರಂಟಿ ಇದ್ರೆ ಮಾತ್ರ ಹೋಗಿ" ಎಂದಿದ್ದರು ಡಾಕ್ಟರು. ಬಸ್ಸಿನಲ್ಲಿ ಇಂಜಿನ್ನಿಗೆ ಒಂದು ಬ್ಯಾಟರಿ, ಒಳಗಿನ ಮನೆಗೆ ಒಂದು, ಅದಕ್ಕೊಂದು ಪುಟ್ಟ ಇನ್ವರ್ಟರು. ಕರ್ನಲ್ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿದರು. ಫ್ಯಾನು, ಫ್ರಿಜ್ಜು ನಾಲ್ಕು ಗಂಟೆ ಓಡಿದ ಮೇಲೆ ಆಂಟಿಯ ಯಂತ್ರ ಹಾಕಿದರೆ ಅದು ಗರ್ ಎಂದು ಶುರುವಾಗಿ ಕುಂಯ್ ಎಂದು ನಿಂತಿತು. ಆಂಟಿ ಕುರ್ಚಿಯಲ್ಲಿ ಮುಖವಾಡ ಹಾಕಿಕೊಂಡು ಕೂತೇ ಇದ್ದರು. ಕರ್ನಲ್ಲರ ಮುಖ ನೋಡಲಾಗಲಿಲ್ಲ.

ಮರುದಿನ ನನಗೆ ಬುಲಾವ್ ಬಂತು.

"ಜೋಸೆಫ್, ನೀನು ಮೆಷಿನ್‌ಗಳ ಬಗ್ಗೆ ಪುಸ್ತಕ ಬರೀತೀಯ ಅಲ್ವೇನಯ್ಯಾ?"

"ಬರೀತೀನಿ ಅಂಕಲ್, ಆದ್ರೆ..."

"ಆದ್ರೆ ಗೀದ್ರೆ ಬೇಡ. ಮನೆ ಬ್ಯಾಟರಿ ಜೊತೆ ಇನ್ನೆರಡು ಸೇರಿಸ್ಬೇಕು. ನೀನು ಹೇಳು, ನಾನು ಮಾಡ್ತೀನಿ."

ಇಲ್ಲಿ ನಾನು "ನನಗೆ ಗೊತ್ತಿಲ್ಲ" ಎನ್ನಬೇಕಿತ್ತು. ಆದರೆ ಐದು ವರ್ಷದಿಂದ ನನ್ನನ್ನು ಯಾರೂ ಯಾವುದರಲ್ಲೂ ತಜ್ಞ ಎಂದಿರಲಿಲ್ಲ. ಅಲ್ಲದೆ ಆಂಟಿ ಆಗತಾನೇ ಬಿಸಿ ಕಡಂಬುಟ್ಟು ತಟ್ಟೆಗೆ ಹಾಕಿದ್ದರು. "ಅಚ್ಛಾ, ನೋಡೋಣ ಅಂಕಲ್" ಎಂದೆ, ತಜ್ಞರು ಎನ್ನುವ ಹಾಗೆ ಗಲ್ಲ ಉಜ್ಜಿಕೊಂಡು.

ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಪರದೇಶದ ಯಾರೋ ಪುಣ್ಯಾತ್ಮರು ಬಸ್ಸುಮನೆಗೆ ಬ್ಯಾಟರಿ ಸೇರಿಸುವುದು ಹೇಗೆಂದು ಮೂರು ಪುಟ ಬರೆದಿದ್ದರು. ಮೊದಲ ಪುಟದಲ್ಲಿ ಚಿತ್ರವಿತ್ತು: ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಉಳಿದೆರಡು ಪುಟ ಬರೀ ಎಚ್ಚರಿಕೆಗಳು. ಅವುಗಳ ಮೇಲೆ ಕಣ್ಣಾಡಿಸಿ, ಮೊದಲ ಪುಟ ಮಾತ್ರ ಪ್ರಿಂಟ್ ತೆಗೆದುಕೊಂಡೆ. ಎಚ್ಚರಿಕೆ ಬರೆದೇ ಹೊಟ್ಟೆ ಹೊರೆಯುವವನು ನಾನು. ಅವನ್ನು ಯಾರೂ ಓದುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕರ್ನಲ್ ಒಂದು ಹೊಸ ಬ್ಯಾಟರಿ ತಂದರು. ಇನ್ನೊಂದನ್ನು ಸೊಸೈಟಿಯ ಕಾರ್ಯದರ್ಶಿ ವರ್ಮಾಜಿ ದಾನ ಮಾಡಿದರು. ಆರು ಬೇಸಿಗೆ ಅವರ ಮನೆಯ ಇನ್ವರ್ಟರಿನಲ್ಲಿ ದುಡಿದು ಸುಸ್ತಾದ ಬ್ಯಾಟರಿ ಅದು. ಹಳತು ಹೊಸತು ಕೂಡಿಸಬಾರದೆಂದು ಎರಡನೇ ಪುಟದಲ್ಲಿ ಎಲ್ಲೋ ಕಂಡ ನೆನಪು. ಮೆಲ್ಲಗೆ ಹೇಳಿದೆ.

"ಪಲ್ಟನ್ನಿನಲ್ಲಿ ಹಳಬರು ಹೊಸಬರು ಒಟ್ಟಿಗೇ ಇರ್ತಾರಪ್ಪಾ. ಹಳಬರು ಹೊಸಬರಿಗೆ ಕಲಿಸ್ತಾರೆ" ಎಂದರು ಕರ್ನಲ್.

ತಜ್ಞನಾದ ನಾನು ಒಪ್ಪಿದೆ. ಮೂರನ್ನೂ ದಂತಕುರ್ಚಿಯ ಅಡಿಯಲ್ಲಿ ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಕೂರಿಸಿ, ತಂತಿ ಬಿಗಿದು, ಮುಚ್ಚಳ ಹಾಕಿದೆವು. ಆಂಟಿ, ನೋಡೋಕೆ ಚೆನ್ನಾಗಿರಲ್ಲ ಎಂದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದರು. ಫ್ಯಾನು ಏಳು ಗಂಟೆ ಓಡಿತು. ಕರ್ನಲ್ ನನ್ನ ಬೆನ್ನು ತಟ್ಟಿದ ಹೊಡೆತಕ್ಕೆ ಎರಡು ದಿನ ಉಸಿರೆಳೆದರೆ ನೋಯುತ್ತಿತ್ತು.

ಆಯುಧ ಪೂಜೆಯ ದಿನ ಬಸ್ಸಿಗೆ ಪೂಜೆಯೆಂದು ಗೊತ್ತಾಯಿತು. ಕೊಡಗಿನವರ ಕೋವಿ ಹಬ್ಬ ಕೈಲ್‌ಪೊಳ್ದಿಗೇ ಮುಗಿದಿದ್ದರೂ ಬಸ್ಸಿಗೊಂದು ಪೂಜೆ ಬೇಡವೇ ಎಂಬುದು ಆಂಟಿಯ ವಾದ. ನಮ್ಮ ಸೊಸೈಟಿಯ ಮಂದಿರದ ಪಂಡಿತ್‌ಜಿಗೆ ಹೇಳಿದ್ದರು. ಬೆಳಿಗ್ಗೆ ಹತ್ತು ಗಂಟೆ. ಹೂವಿನ ಹಾರ, ಕುಂಬಳಕಾಯಿ, ನಿಂಬೆಹಣ್ಣು. ಹಿಂದಿನ ದಿನದಿಂದ ಬ್ಯಾಟರಿಗಳು ಚಾರ್ಜಿಗಿದ್ದವು. ಮನೆಯಿಂದ ಉದ್ದನೆಯ ವೈರು ಬಸ್ಸಿಗೆ ಬಂದಿತ್ತು. ಧೂಳು ಬರುತ್ತದೆಂದು ಆಂಟಿ ಕಿಟಕಿಗಳನ್ನೆಲ್ಲ ಹಾಕಿ, ಕುರ್ಚಿ ಏರಿ ರೇಷ್ಮೆ ಸೀರೆಯಲ್ಲಿ ಕೂತಿದ್ದರು. ಒಳಗೆ ಕಾಲಿಟ್ಟೊಡನೆ ನನ್ನ ಮೂಗಿಗೆ ಏನೋ ಹೊಡೆಯಿತು. ಕೊಳೆತ ಮೊಟ್ಟೆ.

"ಆಂಟಿ, ಫ್ರಿಜ್ಜಿನಲ್ಲಿ ಮೊಟ್ಟೆ ಇಟ್ಟಿದೀರಾ?"

"ಪೂಜೆ ದಿನ ಮೊಟ್ಟೆ ಸುದ್ದಿ ಯಾಕೋ, ಪಂಡಿತ್‌ಜಿ ಇದಾರೆ" ಎಂದು ಪಿಸುಗುಟ್ಟಿದರು ಆಂಟಿ.

ಪಂಡಿತ್‌ಜಿ ಹಿಂಬಾಗಿಲ ಬಳಿ ನಿಂತು ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. "ಇಂಜಿನ್‌ಗೂ ಮಾಡಿ, ಬ್ಯಾಟರಿಗೂ ಮಾಡಿ ಪಂಡಿತ್‌ಜೀ" ಎಂದು ಕರ್ನಲ್ ಹಿಂದಿಯಲ್ಲಿ ಆಜ್ಞೆ ಮಾಡಿದರು. ಪಂಡಿತ್‌ಜಿ ಮಂತ್ರ ಹೇಳುತ್ತ ಉರಿಯುವ ತಟ್ಟೆ ಹಿಡಿದು ಕುರ್ಚಿಯ ಕಡೆಗೆ ಒಂದು ಹೆಜ್ಜೆ ಇಟ್ಟರು.

ಆಗ ನನ್ನ ಕಣ್ಣ ಮುಂದೆ ಎರಡನೇ ಪುಟ ಬಂದು ನಿಂತಿತು. ಸೈಬರ್ ಕೆಫೆಯ ಪರದೆಯಲ್ಲಿ ಕಣ್ಣಾಡಿಸಿ ಬಿಟ್ಟದ್ದು ಅಕ್ಷರ ಅಕ್ಷರ ಕಂಡಿತು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಪೆಟ್ಟಿಗೆಗೆ ಹೊರಗಿನ ಗಾಳಿಯ ದಾರಿ ಇರಲೇಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಕೆಟ್ಟಿದೆ. ಬೆಂಕಿಯನ್ನು ಹತ್ತಿರ ತರಲೇಬೇಡಿ.

ಊದಿ ಆರಿಸಬಹುದಿತ್ತು. ಆದರೆ ಆರತಿಯನ್ನು ಬಾಯಿಂದ ಊದಬಾರದೆಂದು ಕ್ರೈಸ್ತನಾದ ನನಗೂ ಗೊತ್ತು, ಹಾಸನದಲ್ಲಿ ಬೆಳೆದವನು. ಪಂಡಿತ್‌ಜಿಯ ಕೈಯಿಂದ ತಟ್ಟೆ ಕಿತ್ತುಕೊಂಡು ಹಿಂಬಾಗಿಲಿನಿಂದ ಹಾರಿದೆ. ಹಾರುತ್ತ "ಅಂಕಲ್, ಆಂಟೀನ ಇಳಿಸಿ! ಗ್ಯಾಸು!" ಎಂದು ಕೂಗಿದೆ.

"ಅರೇ ಭಾಯ್! ಆರತಿ ಲೇಕೇ ಕಹಾಂ ಭಾಗ್ ರಹೇ ಹೋ?" ಎಂದು ಪಂಡಿತ್‌ಜಿ ಬೆನ್ನು ಹತ್ತಿದರು.

ನಾನು ಬದುಕಿನಲ್ಲಿ ಮೊದಲ ಸಲ ಆರತಿ ತಟ್ಟೆ ಹಿಡಿದದ್ದು ಅಂದು. ಬಸ್ಸಿನಿಂದ ಎಷ್ಟು ದೂರ ಹೋದರೆ ಸಾಕೆಂದು ಮೊದಲ ಪುಟದಲ್ಲಿ ಬರೆದಿರಲಿಲ್ಲವಾದ್ದರಿಂದ ಓಡುತ್ತಲೇ ಇದ್ದೆ. ಎ ಬ್ಲಾಕಿನ ಮುಂದೆ ಬಿಸಿಲು ಕಾಯುತ್ತಿದ್ದ ಮೂವರು ವೃದ್ಧೆಯರು ಎದ್ದು ದಾರಿಗೆ ಅಡ್ಡ ಬಂದರು. ಒಬ್ಬೊಬ್ಬರಾಗಿ ಜ್ವಾಲೆಯ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡರು. "ಜೀತೇ ರಹೋ ಬೇಟಾ", ಬದುಕಿ ಬಾಳು ಮಗನೇ, ಎಂದು ಹರಸಿದರು. ಆ ಗಳಿಗೆಯಲ್ಲಿ ನನಗೂ ಬೇಕಾಗಿದ್ದುದು ಅದೇ. ಗೇಟಿನ ಕಾವಲುಗಾರ ಟೋಪಿ ತೆಗೆದು ಆರತಿ ತೆಗೆದುಕೊಂಡ. ಹಾಲಿನ ಬೂತಿನ ಸಾಲಿನವರು ತೆಗೆದುಕೊಂಡರು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಪಂಡಿತ್‌ಜಿ, ಇಷ್ಟು ಜನ ಭಕ್ತಿಯಿಂದ ನಿಂತದ್ದು ಕಂಡು, ಬೈಯುವುದನ್ನು ಬಿಟ್ಟು ಉಳಿದ ಮಂತ್ರವನ್ನು ಅಲ್ಲೇ ಮುಗಿಸಿದರು. ತಟ್ಟೆ ಕಾದು ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು.

ನಾನು ಮರಳುವಷ್ಟರಲ್ಲಿ ಆಂಟಿ ದೂರದ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕರ್ನಲ್ ಬಸ್ಸಿನ ಹತ್ತಿರ ಯಾವ ಸ್ವಿಚ್ಚನ್ನೂ ಮುಟ್ಟದೆ, ಮನೆಯೊಳಗೆ ಹೋಗಿ ಮೇನ್ ಆರಿಸಿ ಬಂದು, ಬಾಗಿಲು ಕಿಟಕಿ ತೆರೆದಿದ್ದರು. ಎರಡು ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಮುಚ್ಚಳ ತೆಗೆದರೆ, ವರ್ಮಾಜಿಯ ಬ್ಯಾಟರಿ ಹಬೆಯಲ್ಲಿ ಬೆಂದ ಇಡ್ಲಿಯ ಹಾಗೆ ಉಬ್ಬಿತ್ತು. ಪಕ್ಕದ ಹೊಸದೂ ಮುಟ್ಟಲಾರದಷ್ಟು ಕಾದಿತ್ತು. ಹೊಸಬರಿಗೆ ಹಳಬರು ಕಲಿಸಿದ್ದರು.

"ಅಂಕಲ್, ಒಂದು ಮಾತು" ಎಂದೆ. "ಇನ್ನೂ ಎರಡು ಪುಟ ಇತ್ತು. ನಾನು ಪ್ರಿಂಟ್ ತೆಗೀಲಿಲ್ಲ. ನನಗೆ ಬ್ಯಾಟರಿ ಬಗ್ಗೆ ಏನೂ ಗೊತ್ತಿಲ್ಲ. ಸ್ಪ್ಯಾನರ್ ಹಿಡಿದದ್ದೂ ಇದೇ ಮೊದಲು."

ಕರ್ನಲ್ ಬಸ್ಸಿನೊಳಗಿನ ದಂತಕುರ್ಚಿಯನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ನಿನಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು ಕಣೋ" ಎಂದರು ಆಂಟಿ. "ನಮ್ಮನೆ ಬಲ್ಬ್ ಹಾಕೋಕೆ ರಬ್ಬರ್ ಚಪ್ಪಲಿ, ಉಲ್ಲನ್ ಗ್ಲೌಸ್ ಹಾಕ್ಕೊಂಡು ಬಂದಿದ್ದೆ ನೀನು."

"ಮತ್ತೆ ಯಾಕೆ ಸುಮ್ಮನಿದ್ರಿ ಆಂಟಿ?"

"ಇವರಿಗೆ ಗೊತ್ತಿದೆ ಅಂದ್ಕೊಂಡಿದ್ದೆ. ಮಿಲಿಟರಿ ಅಲ್ವಾ."

"ನಾನು ಇನ್‌ಫೆಂಟ್ರಿ" ಎಂದರು ಕರ್ನಲ್ ಕುಗ್ಗಿದ ದನಿಯಲ್ಲಿ. "ಕರೆಂಟ್ ಕೆಲಸಕ್ಕೆ ಬೇರೆಯವರು ಬರ್ತಿದ್ರು. ನಾನು ಜೋಸೆಫ್‌ಗೆ ಗೊತ್ತಿದೆ ಅಂದ್ಕೊಂಡೆ."

ಹೀಗೆ ಮೂವರೂ ಪರಸ್ಪರ ನಂಬಿಕೆಯಿಂದ ಒಂದು ಬಸ್ಸನ್ನು ಸಿಡಿಸುವುದರಲ್ಲಿದ್ದೆವು.

ಮರುದಿನ ಉಳಿದೆರಡು ಪುಟಗಳು ಬಂದವು. ಪಟಪಡಗಂಜ್ ಕಡೆ ಬ್ಯಾಟರಿ ಅಂಗಡಿ ಇಟ್ಟಿದ್ದ ಇಕ್ಬಾಲ್ ಭಾಯ್ ಎಂಬುವರೂ ಬಂದರು. ಇಪ್ಪತ್ತೈದು ವರ್ಷ ಆಸಿಡ್ಡಿನ ನಡುವೆ ಬದುಕಿದವರು. ಅಂಗಿಯಲ್ಲಿ ಅಂಗಿಗಿಂತ ತೂತುಗಳೇ ಹೆಚ್ಚು. ಉಬ್ಬಿದ ಬ್ಯಾಟರಿ ನೋಡಿ ಕಿವಿ ಮುಟ್ಟಿಕೊಂಡು, "ಸಾಬ್, ಬಚ್ ಗಯೇ ಆಪ್", ಬದುಕಿಕೊಂಡಿರಿ, ಎಂದರು. ನಾನು ಕನ್ನಡಕ ಏರಿಸಿಕೊಂಡು ಅವರಿಗೆ ಪುಟಗಳನ್ನು ಓದಿ ಹೇಳುತ್ತಿದ್ದೆ. ಪ್ರತಿ ವಾಕ್ಯಕ್ಕೂ ಅವರು, ಇದೂ ಬರೆಯಬೇಕಾ ಎಂಬಂತೆ, "ಜಾಹಿರ್ ಹೈ" ಎನ್ನುತ್ತಿದ್ದರು.

ಮೂರೂ ಒಂದೇ ಜಾತಿಯ, ಒಂದೇ ಅಳತೆಯ ಹೊಸ ಬ್ಯಾಟರಿಗಳು ಬಂದವು. ಕುರ್ಚಿಯ ಅಡಿಯಿಂದ ಅವನ್ನು ಹಿಂಭಾಗಕ್ಕೆ ಸಾಗಿಸಿ, ಭದ್ರವಾದ ಪೆಟ್ಟಿಗೆಯಲ್ಲಿ ಪಟ್ಟಿಯಿಂದ ಬಿಗಿದು, ಪೆಟ್ಟಿಗೆಯಿಂದ ಬಸ್ಸಿನ ಹೊರಗೆ ಗಾಳಿಯ ಕೊಳವೆ ಬಿಟ್ಟರು. ಹೆಬ್ಬೆರಳು ದಪ್ಪದ ತಂತಿ, ಪ್ರತಿ ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಒಂದು ಫ್ಯೂಸು. ಇಂಜಿನ್ನಿನ ಬ್ಯಾಟರಿಯನ್ನು ಮನೆಯ ಬ್ಯಾಟರಿಗಳು ಕುಡಿದು ಬರಿದು ಮಾಡದಂತೆ ನಡುವೆ ಒಂದು ಸ್ವಿಚ್ಚು. ಕೆಲಸ ಶುರುವಾಗುವ ಮೊದಲು ಇಕ್ಬಾಲ್ ಭಾಯ್ ಕರ್ನಲ್ಲರ ಉಂಗುರ ತೆಗೆಯಲು ಹೇಳಿದರು. ತಂತಿಗೆ ತಗುಲಿದರೆ ಉಂಗುರದ ಜೊತೆ ಬೆರಳೂ ಹೋಗುತ್ತದಂತೆ. ಮದುವೆಯ ಉಂಗುರ, ಎಂದೂ ಕಳಚಿರಲಿಲ್ಲ. ಸೋಪು ಹಾಕಿದರು, ತುಪ್ಪ ಹಾಕಿದರು, ಆಂಟಿ ಉಂಗುರ ಹಿಡಿದು ಒಂದು ಕಡೆ, ಕರ್ನಲ್ ಬೆರಳು ಹಿಡಿದು ಇನ್ನೊಂದು ಕಡೆ ಎಳೆದರು. ಕೊನೆಗೆ ಉಂಗುರ ಚಿಮ್ಮಿ ಹುಲ್ಲಿನಲ್ಲಿ ಬಿತ್ತು. ಮುಂದಿನ ಒಂದು ಗಂಟೆ ನಾಲ್ವರೂ ಮಂಡಿಯೂರಿ ಉಂಗುರ ಹುಡುಕಿದೆವು. ಬ್ಯಾಟರಿ ಸುರಕ್ಷತೆಯಲ್ಲಿ ಅತ್ಯಂತ ಹೆಚ್ಚು ಸಮಯ ಹಿಡಿದದ್ದು ಈ ಹಂತವೇ.

ನನ್ನ ಪಾಲಿಗೆ ಬಂದದ್ದು ಸ್ಪ್ಯಾನರಿಗೆ ರಬ್ಬರು ಸುತ್ತುವ ಕೆಲಸ, ಅದು ಜಾರಿ ಬ್ಯಾಟರಿಯ ಪ್ಲಸ್ಸು ಮೈನಸ್ಸು ಎರಡಕ್ಕೂ ತಗುಲಿದರೆ ಕಿಡಿ ಹಾರದಿರಲೆಂದು. ಅರ್ಧ ದಿನ ಸುತ್ತಿದೆ. ಜೊತೆಗೆ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ, ಹನ್ನೊಂದು ನಿಯಮ. ಕರ್ನಲ್ ಅದನ್ನು ಲ್ಯಾಮಿನೇಟ್ ಮಾಡಿಸಿ ಬಸ್ಸಿನೊಳಗೆ ತೂಗುಹಾಕಿ, ಬೆಳಿಗ್ಗೆ ಬೆಳಿಗ್ಗೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ನನ್ನ ಬರಹಕ್ಕೆ ಸಿಕ್ಕ ಮೊದಲ ಓದುಗರು ಅವರೇ.

ದೀಪಾವಳಿಯ ಹೊಗೆ ದೆಹಲಿಯನ್ನು ಮುಚ್ಚಿದ ವಾರ ಅವರು ಹೊರಟರು. ಆಂಟಿ ಕುರ್ಚಿಯ ಪೆಡಲ್ ಒತ್ತಿ ಎತ್ತರಕ್ಕೇರಿ ಕೈ ಬೀಸಿದರು. ನನಗೆ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ. ಎರಡು ದಿನ ಫೋನಿಲ್ಲ. ಅಲ್ಲೆಲ್ಲೋ ಮರಳಿನ ನಡುವೆ ಯಂತ್ರ ಕುಂಯ್ ಎಂದು ನಿಂತ ಹಾಗೆ, ಆಂಟಿ ಮುಖವಾಡ ಹಾಕಿಕೊಂಡು ಕೂತ ಹಾಗೆ ಹಗಲಲ್ಲೇ ಕಾಣುತ್ತಿತ್ತು. ಮೂರನೆಯ ಮಧ್ಯಾಹ್ನ ಫೋನ್ ಬಂತು. ಆಂಟಿ.

"ಮೆಷಿನ್ ಓಡ್ತಿದೆಯಾ ಆಂಟಿ?"

"ಚೀಲದಿಂದ ಹೊರಗೇ ತೆಗೆದಿಲ್ಲ ಕಣೋ. ಇಲ್ಲಿ ಗಾಳಿ ಎಷ್ಟು ಹಗುರ ಅಂತೀಯ!"

"ಫ್ಯಾನು?"

"ಎರಡೆರಡು ಕಂಬಳಿ ಹೊದ್ದು ಮಲಗ್ತಿದೀವಿ. ಫ್ರಿಜ್ಜೂ ಬೇಡ, ಹಾಲು ಹೊರಗಿಟ್ರೂ ಕೆಡಲ್ಲ. ಮೂರು ಬ್ಯಾಟರಿನೂ ಹಾಗೇ ತುಂಬಿ ಕೂತಿವೆ. ಇವರಿಗೆ ಅದೇ ಚಿಂತೆ. ಊಟ ಮಾಡದ ನೆಂಟರು ಮನೇಲಿದ್ದ ಹಾಗೆ ಒದ್ದಾಡ್ತಿದಾರೆ."

"ಜಾಗ ನೋಡಿದ್ರಾ?"

"ನೋಡಿದೆ. ಒಂದು ನೀರಿನ ಟ್ಯಾಂಕು, ಒಂದು ಖೇಜ್ರಿ ಮರ. ಇದೇನಾ ಅಂದೆ. ಇದೇ ಅಂದ್ರು. ಮರದ ಕೆಳಗೆ ಕೂತು ನನ್ನ ಕಾಗದ ಓದ್ತಿದ್ರಂತೆ. ನಿನ್ನೆಯಿಂದ ನಾನೂ ಅಲ್ಲೇ ಕೂತಿದೀನಿ. ಅದಿರಲಿ, ಈಗ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಈ ಊರಲ್ಲಿ ಇವತ್ತೊಂದು ಮದುವೆ. ಕರೆಂಟಿಲ್ಲ. ಮದುಮಗ ಮುದುರಿದ ಕೋಟು, ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ನಮ್ಮ ಬಾಗಿಲಲ್ಲಿ ನಿಂತಿದಾನೆ. ಇವರು ಒಂಬತ್ತನೇ ನಿಯಮ ಅಂತ ಒಳಗೇ ಬಿಡ್ತಿಲ್ಲ. ನೀನೇ ಬರೆದದ್ದಂತೆ."

ಒಂಬತ್ತನೇ ನಿಯಮ ಹೀಗಿತ್ತು: ಇಸ್ತ್ರಿ ಪೆಟ್ಟಿಗೆ, ಹೀಟರ್ ಮುಂತಾದ ಬಿಸಿ ಮಾಡುವ ಯಾವ ವಸ್ತುವನ್ನೂ ಈ ಇನ್ವರ್ಟರಿಗೆ ಹಾಕಕೂಡದು.

"ಒಂದೇ ಒಂದು ಸಲ ಹಾಕಬಹುದಾ, ಕೇಳು ಅಂತಿದಾನೆ ಹುಡುಗ. ಹೆಣ್ಣಿನ ಕಡೆಯವರು ಬಂದಾಯ್ತು."

ಹಿಂದಿನಿಂದ ಡೋಲಿನ ಸದ್ದು, ಅದರ ಮೇಲೆ ಕರ್ನಲ್ಲರ "ನಹೀಂ, ಬಿಲ್ಕುಲ್ ನಹೀಂ!" ಕೇಳಿಸುತ್ತಿತ್ತು. ನನ್ನ ಹೃದಯ ಕರಗಿತು. ಆದರೆ ಬೆರಳುಗಳಲ್ಲಿ ಬೊಬ್ಬೆಯ ಕಲೆ ಇನ್ನೂ ಇತ್ತು.

"ಬೇಡ ಆಂಟಿ" ಎಂದೆ. "ಮದುವೆ ನಿಂತರೂ ಬೇಡ."

ಆಂಟಿ ಅದನ್ನು ಹಿಂದಿಯಲ್ಲಿ ಹೇಳಿದ್ದು, ಆಮೇಲೆ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಫೋನು ಕಟ್ಟಾಯಿತು.

ಡಿಸೆಂಬರಿನಲ್ಲಿ ಅಂಚೆಯಲ್ಲಿ ಒಂದು ಫೋಟೋ ಬಂತು. ಮಂಟಪದಲ್ಲಿ ಮದುಮಗ ಕರ್ನಲ್ಲರ ರೆಜಿಮೆಂಟಿನ ಬ್ಲೇಜರು ತೊಟ್ಟು, ಹಿತ್ತಾಳೆಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಅಟೆನ್ಶನ್ನಿನಲ್ಲಿ ನಿಂತಿದ್ದಾನೆ. ತೋಳುಗಳು ಬೆರಳ ತುದಿ ಮುಚ್ಚಿವೆ. ಪಕ್ಕದಲ್ಲಿ ಹಣೆಗೆ ತಿಲಕವಿಟ್ಟ ಕರ್ನಲ್, ಆ ಮದುಮಗನ ಮುದುರಿದ ಕೋಟಿನೊಳಗೆ ತೋಳು ತೂರಿಸಲಾಗದೆ ಅದನ್ನು ಶಾಲಿನಂತೆ ಹೊದ್ದು, ಹುಡುಗನ ತಂದೆಗಿಂತ ಹೆಚ್ಚು ಗಂಭೀರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಫೋಟೋದ ಒಂದು ಅಂಚಿನಲ್ಲಿ ಮುತ್ತಮ್ಮ ಆಂಟಿ ಮದುಮಗಳ ಕಡೆಯ ಹೆಂಗಸರ ಜೊತೆ ಕೈ ಕೈ ಹಿಡಿದು ಕುಣಿಯುತ್ತಿದ್ದಾರೆ. ಬಾಯಿ ಪೂರ್ತಿ ತೆರೆದಿದೆ. ಮದುವೆಯ ಹಾಡೇ ಇರಬೇಕು; ಅವರಿಗೆ ಬಾರದ ಭಾಷೆಯಲ್ಲಿ, ಏರುದನಿಯಲ್ಲಿ.